ಸುಳ್ಳು ಹೇಳಬಹುದು, ಸುಮ್ಮನಿರುವಂತಿಲ್ಲ: ಅಂಚೆಯಿಂದ ಇಮೇಲ್‌ಗೆ ಬಂದ ಯುದ್ಧದಾಟದ ಕಥೆ

ಚೌಕಾಬಾರ ಆಡಬೇಕಾದರೆ ನಾಲ್ಕು ಜನ ಒಂದೇ ಜಗಲಿಯ ಮೇಲೆ ಕೂರಬೇಕು. ಕವಡೆ ಹೇಗೆ ಬಿತ್ತು ಎಂದು ನಾಲ್ವರೂ ನೋಡಬೇಕು. ಕಾಯಿ ಎಷ್ಟು ಮನೆ ನಡೆಯಿತು ಎಂದು ನಾಲ್ವರೂ ಎಣಿಸಬೇಕು. ಒಬ್ಬ ಎದ್ದು ಹೋದರೆ ಆಟ ಅಲ್ಲಿಗೆ ನಿಂತಿತು. ಹಾಗಿದ್ದರೆ ಏಳು ಜನ ಏಳು ಊರಿನಲ್ಲಿ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ತಿಂಗಳುಗಟ್ಟಲೆ ಒಂದೇ ಆಟ ಆಡುವುದು ಹೇಗೆ? ಅದೂ ಸೇನೆ, ಹಡಗು, ಒಪ್ಪಂದ, ದ್ರೋಹ ಎಲ್ಲ ಇರುವ ಯುದ್ಧದಾಟವನ್ನು?

ಆಡಿದ್ದಾರೆ. ಮೊದಲು ಅಂಚೆಯಲ್ಲಿ, ಆಮೇಲೆ ಇಮೇಲ್‌ನಲ್ಲಿ. ಆ ಕಥೆಯನ್ನು ಈ ಸಲ ಹೇಳುತ್ತೇವೆ. ಇದು ಬರೀ ಆಟದ ಕಥೆ ಅಲ್ಲ. ದೂರದಲ್ಲಿರುವ ಜನ ಒಬ್ಬರನ್ನೊಬ್ಬರು ಎಷ್ಟು ನಂಬಬಹುದು, ನಂಬಿಕೆ ಇಲ್ಲದ ಕಡೆಯೂ ಒಂದು ಕೆಲಸವನ್ನು ಕೊನೆಮುಟ್ಟಿಸುವುದು ಹೇಗೆ ಎಂಬ ಕಥೆಯೂ ಹೌದು.

ಶುರುವಾದದ್ದು ಚದುರಂಗದಿಂದ. 1824ರಲ್ಲಿ ಲಂಡನ್ ಮತ್ತು ಎಡಿನ್‌ಬರೋ ನಗರಗಳ ಚೆಸ್ ಕ್ಲಬ್‌ಗಳು ಕಾಗದದ ಮೂಲಕ ಪಂದ್ಯ ಹೂಡಿದವು. ಒಂದೊಂದು ನಡೆಯೂ ಅಂಚೆ ಗಾಡಿಯಲ್ಲಿ ಹೋಗಿ ಬರಬೇಕು. ಐದು ಆಟ ಮುಗಿಯುವ ಹೊತ್ತಿಗೆ 1828 ಬಂದಿತ್ತು. ಎಡಿನ್‌ಬರೋ ಗೆದ್ದಿತು. ಚೆಸ್ ಆಡುವವರು ಇಂದಿಗೂ ಸ್ಕಾಚ್ ಗೇಮ್ ಎಂದು ಕರೆಯುವ ಆರಂಭಕ್ಕೆ ಆ ಹೆಸರು ಬಂದದ್ದು ಈ ಪಂದ್ಯದಿಂದಲೇ.

ಚದುರಂಗವನ್ನು ಅಂಚೆಯಲ್ಲಿ ಆಡುವುದು ಸುಲಭ. ಇಬ್ಬರೇ ಆಟಗಾರರು, ದಾಳ ಇಲ್ಲ, ಗುಟ್ಟೂ ಇಲ್ಲ. ಇಬ್ಬರ ಮನೆಯಲ್ಲೂ ಒಂದೊಂದು ಹಾಸು ಇದ್ದರೆ ಸಾಕು.

ಯುದ್ಧದಾಟದಲ್ಲಿ ದಾಳ ಬಂತು, ತೊಂದರೆಯೂ ಬಂತು. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಅವಲಾನ್ ಹಿಲ್ ಎಂಬ ಕಂಪನಿ 1950ರ ದಶಕದ ಕೊನೆಯಿಂದ ಪೆಟ್ಟಿಗೆಯಲ್ಲಿ ಯುದ್ಧದಾಟಗಳನ್ನು ಮಾರುತ್ತಿತ್ತು. ಕೊಂಡವರಿಗೆ ತಮ್ಮ ಊರಲ್ಲಿ ಎದುರಾಳಿಯೇ ಸಿಗುತ್ತಿರಲಿಲ್ಲ. ಅಂಚೆಯಲ್ಲಿ ಆಡೋಣ ಎಂದರೆ, ಎದುರಾಳಿ ತನ್ನ ಮನೆಯಲ್ಲಿ ದಾಳ ಹಾಕಿ "ಆರು ಬಿತ್ತು" ಎಂದು ಬರೆದರೆ ನಂಬುವವರು ಯಾರು? ಕಂಪನಿ ಇದಕ್ಕೊಂದು ಉಪಾಯ ಕಂಡುಹಿಡಿಯಿತು. ನಡೆಯನ್ನು ಬರೆಯುವಾಗಲೇ ಷೇರುಪೇಟೆಯ ಒಂದು ಕಂಪನಿಯ ಹೆಸರು, ಮುಂದೆ ಬರುವ ಒಂದು ದಿನಾಂಕ ಬರೆಯಬೇಕು. ಆ ದಿನ ಆ ಷೇರು ಎಷ್ಟು ಮಾರಾಟವಾಯಿತು ಎಂದು ಪತ್ರಿಕೆಯಲ್ಲಿ ಬರುತ್ತದಲ್ಲ, ಅದರ ಕೊನೆಯ ಅಂಕೆಯೇ ದಾಳ. ಇಬ್ಬರೂ ಪತ್ರಿಕೆ ತೆರೆದು ನೋಡಿಕೊಳ್ಳಬಹುದು.

ನಮ್ಮ ಎಷ್ಟೋ ಮನೆಗಳನ್ನು ಹಾಳು ಮಾಡಿದ ಓಸಿ ಮಟ್ಕಾ ಹುಟ್ಟಿದ್ದೂ ಇಂಥದೇ ಲೆಕ್ಕದಿಂದ. ನ್ಯೂಯಾರ್ಕ್ ಹತ್ತಿ ಪೇಟೆಯ ಓಪನಿಂಗ್ ದರ, ಕ್ಲೋಸಿಂಗ್ ದರ ತಂತಿಯಲ್ಲಿ ಮುಂಬೈಗೆ ಬರುತ್ತಿತ್ತು. ಅದರ ಮೇಲೆ ಜನ ಹಣ ಕಟ್ಟುತ್ತಿದ್ದರು. ಕೈಗೆ ಸಿಗದಷ್ಟು ದೂರದಲ್ಲಿ ಹುಟ್ಟುವ ಅಂಕಿಯನ್ನು ಯಾರೂ ತಿದ್ದಲಾರರು ಎಂಬುದೇ ಎರಡರ ಹಿಂದಿದ್ದ ನಂಬಿಕೆ.

ಇಷ್ಟಾದರೂ ಇದು ಇಬ್ಬರ ಆಟವೇ. ಏಳು ಜನರ ಆಟ ಬಂದದ್ದು ಅಲನ್ ಕ್ಯಾಲಮರ್ ಎಂಬ ಅಮೆರಿಕದವನಿಂದ. ಚಿಕ್ಕವನಿದ್ದಾಗ ಮನೆಯ ಅಟ್ಟದಲ್ಲಿ ಅವನಿಗೆ ಹಳೆಯ ಭೂಗೋಳದ ಪುಸ್ತಕವೊಂದು ಸಿಕ್ಕಿತ್ತು. ಅದರ ನಕ್ಷೆಯಲ್ಲಿ ಆಸ್ಟ್ರಿಯಾ-ಹಂಗೆರಿ, ಆಟೋಮನ್ ಸಾಮ್ರಾಜ್ಯದಂಥ ಅಳಿದುಹೋದ ದೇಶಗಳಿದ್ದವು. ಮುಂದೆ ಹಾರ್ವರ್ಡ್‌ನಲ್ಲಿ ಓದುವಾಗ ಮೊದಲ ಮಹಾಯುದ್ಧ ಹೇಗೆ ಹೊತ್ತಿಕೊಂಡಿತು ಎಂಬ ಪ್ರಶ್ನೆ ಅವನನ್ನು ಹಿಡಿದುಕೊಂಡಿತು. 1954ರ ಹೊತ್ತಿಗೆ ಆಟದ ರೂಪ ಸಿದ್ಧವಾಯಿತು. ತಯಾರಕರು ಬೇಡ ಎಂದಾಗ 1959ರಲ್ಲಿ ತನ್ನ ಕೈಯಿಂದಲೇ ದುಡ್ಡು ಹಾಕಿ 500 ಪೆಟ್ಟಿಗೆ ಮಾಡಿಸಿದ. ಆಟದ ಹೆಸರು ಡಿಪ್ಲೊಮಸಿ, ಅಂದರೆ ರಾಜತಂತ್ರ.

ಇದರ ನಕ್ಷೆ 1901ರ ಯುರೋಪು. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಇಟಲಿ, ಆಸ್ಟ್ರಿಯಾ, ರಷ್ಯಾ, ಟರ್ಕಿ ಎಂದು ಏಳು ದೇಶ, ಏಳು ಆಟಗಾರರು. ನಕ್ಷೆಯ ಮೇಲೆ 34 ಮುಖ್ಯ ಕೇಂದ್ರಗಳಿವೆ. 18 ಹಿಡಿದವನು ಗೆದ್ದ. ಇದು ನಮಗೆ ತೀರಾ ಪರದೇಶದ ನಕ್ಷೆಯೂ ಅಲ್ಲ. ಅದರ ಬಲಮೂಲೆಯಲ್ಲಿ ಟರ್ಕಿಗೆ ಸೇರಿದ ಸಿರಿಯಾ ಇದೆ. ಅಲ್ಲಿಂದ ತುಸು ಕೆಳಗೆ ಹೈಫಾ. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಕುದುರೆ ಸವಾರರು ಜೋಧಪುರದವರ ಜೊತೆ ಸೇರಿ ಟರ್ಕಿ ಪಡೆಯಿಂದ ಬಿಡಿಸಿಕೊಂಡ ಊರು ಅದು. ಯುರೋಪಿನ ದೊರೆಗಳು ಗುಟ್ಟಾಗಿ ಮಾಡಿಕೊಂಡ ಒಪ್ಪಂದಗಳ ಬೆಲೆಯನ್ನು ನಮ್ಮ ಕಡೆಯ ಸೈನಿಕರೂ ತೆತ್ತಿದ್ದಾರೆ.

ಆಟದಲ್ಲಿ ದಾಳವೇ ಇಲ್ಲ. ಎಲ್ಲ ಸೇನೆಗೂ ಒಂದೇ ಬಲ. ಪ್ಯಾರಿಸ್‌ನಲ್ಲಿರುವ ಫ್ರಾನ್ಸಿನ ಸೇನೆ ಬರ್ಗಂಡಿಗೆ ಹೊರಟಿತು, ಮ್ಯೂನಿಕ್‌ನಲ್ಲಿರುವ ಜರ್ಮನಿಯ ಸೇನೆಯೂ ಅಲ್ಲಿಗೇ ಹೊರಟಿತು ಅಂದುಕೊಳ್ಳಿ. ಒಂದಕ್ಕೆ ಒಂದು ಸಮ, ಇಬ್ಬರೂ ವಾಪಸ್. ಮಾರ್ಸೇಲ್ಸ್‌ನಲ್ಲಿರುವ ಇನ್ನೊಂದು ಸೇನೆ ಪ್ಯಾರಿಸ್ ಸೇನೆಗೆ ಬೆಂಬಲ ಕೊಟ್ಟರೆ ಎರಡಕ್ಕೆ ಒಂದು, ಬರ್ಗಂಡಿ ಫ್ರಾನ್ಸಿಗೆ. ಹಾಗಾಗಿ ಒಬ್ಬನೇ ಬೆಳೆಯುವುದು ಕಷ್ಟ, ಪಕ್ಕದವನ ಬೆಂಬಲ ಬೇಕೇ ಬೇಕು. ಬೆಂಬಲ ಬೇಕೆಂದರೆ ಮಾತಾಡಬೇಕು. ಕೊಟ್ಟ ಮಾತು ಉಳಿಸಿಕೊಳ್ಳಬೇಕೆಂಬ ನಿಯಮ ಮಾತ್ರ ಇಲ್ಲ. ಎಲ್ಲರೂ ತಮ್ಮ ಆದೇಶವನ್ನು ಗುಟ್ಟಾಗಿ ಚೀಟಿಯಲ್ಲಿ ಬರೆಯುತ್ತಾರೆ. ಚೀಟಿಗಳನ್ನೆಲ್ಲ ಒಟ್ಟಿಗೆ ಬಿಚ್ಚಿದಾಗಲೇ ಗೆಳೆಯ ಯಾರು, ದ್ರೋಹಿ ಯಾರು ಎಂದು ಗೊತ್ತಾಗುವುದು.

ಏಳು ಜನರಲ್ಲಿ ಇಬ್ಬಿಬ್ಬರು ಜೋಡಿ ಎಂದರೆ 21 ಜೋಡಿ. ಅಂದರೆ 21 ಗುಟ್ಟಿನ ಮಾತುಕತೆ. ಮೇಜಿನ ಸುತ್ತ ಆಡುವಾಗ ಯಾರು ಯಾರ ಜೊತೆ ಮೂಲೆಗೆ ಹೋದರು ಎಂದು ಎಲ್ಲರಿಗೂ ಕಾಣುತ್ತದೆ. ಕಾಗದದಲ್ಲಿ ಅದೂ ಕಾಣದು. ಅಂಚೆಗೆ ಹೇಳಿ ಮಾಡಿಸಿದ ಆಟ ಇದು ಎಂದು ಜನರಿಗೆ ಬೇಗನೇ ಹೊಳೆಯಿತು.

1963ರಲ್ಲಿ ನ್ಯೂಯಾರ್ಕ್‌ನ ಬ್ರೂಕ್ಲಿನ್‌ನಲ್ಲಿದ್ದ ಜಾನ್ ಬೋರ್ಡ್‌ಮನ್ ಎಂಬ ಭೌತಶಾಸ್ತ್ರದ ಮೇಷ್ಟ್ರು 'ಗ್ರಾಸ್ಟಾರ್ಕ್' ಎಂಬ ಪುಟ್ಟ ಪತ್ರಿಕೆ ಶುರು ಮಾಡಿದರು. ಸೈಕ್ಲೋಸ್ಟೈಲ್ ಕಾಲದ ಕೈಪತ್ರಿಕೆ ಅದು. ಆಟಗಾರರು ತಮ್ಮ ಆದೇಶವನ್ನು ಅವರಿಗೆ ಕಳಿಸುತ್ತಿದ್ದರು. ಗಡುವಿನ ದಿನ ಅವರು ಎಲ್ಲ ಕಾಗದ ಒಡೆದು, ನಿಯಮ ನೋಡಿ ತೀರ್ಪು ಬರೆದು, ಅಚ್ಚು ಹಾಕಿ ಎಲ್ಲರಿಗೂ ಕಳಿಸುತ್ತಿದ್ದರು. ಅಂಚೆಯಲ್ಲಿ ಶುರುವಾದ ಪ್ರತಿ ಆಟಕ್ಕೂ ಒಂದು ಸಂಖ್ಯೆ ಕೊಡುವ ಪದ್ಧತಿಯೂ ಬೆಳೆಯಿತು. ವರ್ಷ, ಅದರ ಮುಂದೆ ಅಕ್ಷರ. ಮೊದಲ ಆಟ 1963ಎ. ಇದನ್ನು ಇಂದಿಗೂ ಬೋರ್ಡ್‌ಮನ್ ಸಂಖ್ಯೆ ಎನ್ನುತ್ತಾರೆ.

ಆಟದ ಒಂದು ವರ್ಷಕ್ಕೆ ಎರಡು ನಡೆ. ಹತ್ತು ವರ್ಷದ ಆಟ ಎಂದರೆ ಇಪ್ಪತ್ತು ನಡೆ. ನಡೆಗೊಂದು ತಿಂಗಳು ಹಿಡಿದರೆ ಇಪ್ಪತ್ತು ತಿಂಗಳು. ಅಷ್ಟು ಕಾಲ ಒಬ್ಬ ಮನುಷ್ಯ ಸಂಬಳವಿಲ್ಲದೆ, ತಾನು ಆಡದೆ, ಬೇರೆಯವರ ಆಟದ ಲೆಕ್ಕ ಇಡಬೇಕಿತ್ತು.

ಇಮೇಲ್ ಬಂದ ಮೇಲೆ ಈ ಕೆಲಸದ ಅರ್ಧ ಭಾರ ಯಂತ್ರದ ಹೆಗಲಿಗೆ ಬಿತ್ತು. 1980ರ ದಶಕದ ಕೊನೆಯಲ್ಲಿ ಕೆನ್ ಲೋ ಎಂಬಾತ 'ಜಡ್ಜ್' ಎಂಬ ಪ್ರೋಗ್ರಾಂ ಬರೆದ. ಆಟಗಾರರು ಆ ಕಂಪ್ಯೂಟರಿನ ವಿಳಾಸಕ್ಕೆ ಆದೇಶ ಮೇಲ್ ಮಾಡುವುದು, ಬಂತು ಎಂದು ಅದು ಉತ್ತರ ಕೊಡುವುದು, ಬರೆದದ್ದು ತಪ್ಪಿದ್ದರೆ ತೋರಿಸುವುದು, ಗಡುವು ಮುಗಿದಾಗ ಫಲಿತಾಂಶವನ್ನು ಏಳೂ ಜನಕ್ಕೆ ಕಳಿಸುವುದು. ವಾರಕ್ಕೊಂದು ನಡೆಯಾದರೆ ಇಪ್ಪತ್ತು ತಿಂಗಳ ಆಟ ಐದು ತಿಂಗಳಿಗೆ ಇಳಿಯಿತು.

ಆದರೂ ಆಟ ನಡೆಸುವವರಿಗೆ ಕೆಲಸ ತಪ್ಪಲಿಲ್ಲ. ಒಂದು ಉದಾಹರಣೆ ಸಾಕು. ಆಟಗಾರ ಅವಸರದಲ್ಲಿ 'ನಾರ್' ಎಂದಷ್ಟೇ ಬರೆದ. ನಕ್ಷೆಯಲ್ಲಿ ನಾರ್ವೆ ಇದೆ, ನಾರ್ತ್ ಸೀ ಇದೆ, ನಾರ್ವೇಜಿಯನ್ ಸೀ, ನಾರ್ತ್ ಆಫ್ರಿಕಾ, ನಾರ್ತ್ ಅಟ್ಲಾಂಟಿಕ್ ಕೂಡ ಇವೆ. ಹಡಗು ಎಲ್ಲಿಗೆ ಹೋಗಬೇಕು? ಊಹಿಸಿ ತೀರ್ಪು ಕೊಟ್ಟರೆ ಒಬ್ಬನ ಪರ ವಹಿಸಿದಂತೆ. ಅದಕ್ಕೇ ಚೆನ್ನಾಗಿ ಆಟ ನಡೆಸುವವರು ಮೊದಲ ನಡೆಗೆ ಮುಂಚೆಯೇ ಮನೆ ನಿಯಮ ಬರೆದು ಎಲ್ಲರಿಗೂ ಕಳಿಸುತ್ತಾರೆ. ಯಾವ ಜಾಗಕ್ಕೆ ಯಾವ ಸಂಕ್ಷೇಪ, ಗಡುವು ಯಾವ ದಿನ, ಯಾವ ದೇಶದ ಗಡಿಯಾರದ ಪ್ರಕಾರ ಎಷ್ಟು ಗಂಟೆ, ತಡವಾದರೆ ಏನು, ನಡುವೆ ಬಿಟ್ಟು ಹೋದವನ ಜಾಗಕ್ಕೆ ಯಾರು.

ಈ ನಿಯಮಗಳಲ್ಲಿ ಒಂದನ್ನು ನೋಡಿ. ಆಟಗಾರ ಯಾರಿಗೆ ಬೇಕಾದರೂ ಸುಳ್ಳು ಹೇಳಬಹುದು. ಇಲ್ಲದ ಪತ್ರ ಸೃಷ್ಟಿಸಿ "ನೋಡು, ಅವನು ನನಗೆ ಹೀಗೆ ಬರೆದಿದ್ದಾನೆ" ಎಂದು ಫಾರ್ವರ್ಡ್ ಮಾಡುವುದಕ್ಕೂ ಎಷ್ಟೋ ಆಟಗಳಲ್ಲಿ ಅಡ್ಡಿ ಇಲ್ಲ. ಫಾರ್ವರ್ಡ್ ಬಂದ ಮಾತ್ರಕ್ಕೆ ಅದು ನಿಜವಲ್ಲ ಎಂದು ಈ ಆಟಗಾರರು ವಾಟ್ಸಾಪ್ ಹುಟ್ಟುವ ಮುಂಚೆಯೇ ಕಲಿತಿದ್ದರು! ಆದರೆ ಆಟ ನಡೆಸುವವರ ಹೆಸರಿನಲ್ಲಿ ಸುಳ್ಳು ಫಲಿತಾಂಶ ಕಳಿಸುವಂತಿಲ್ಲ, ಆಟ ನಡೆಸುವವರು ಯಾರಿಗೂ ಸುಳ್ಳು ಹೇಳುವಂತಿಲ್ಲ. ಆ ಒಂದು ಜಾಗ ನಂಬಿಕೆಗೆ ಯೋಗ್ಯವಾಗಿ ಉಳಿದರೆ ಮಾತ್ರ ಉಳಿದ ಏಳು ಜನ ಸುಳ್ಳು ಹೇಳಿಕೊಂಡು ಆಡಲು ಸಾಧ್ಯ.

ಇನ್ನೊಂದು ಕಟ್ಟುಪಾಡು ಗಡುವಿನದು. ಪತ್ರಿಕೋದ್ಯಮ ಓದಿದ ನಮಗೆ ಡೆಡ್‌ಲೈನ್ ಹೊಸದಲ್ಲ. ವರದಿ ಬಾರದಿದ್ದರೂ ಪುಟ ಅಚ್ಚಿಗೆ ಹೋಗುತ್ತದೆ. ಈ ಆಟದಲ್ಲೂ ಹಾಗೆಯೇ. ಆದೇಶ ಬಾರದಿದ್ದರೆ ಆ ದೇಶದ ಸೇನೆಗಳೆಲ್ಲ ನಿಂತಲ್ಲೇ ನಿಲ್ಲುತ್ತವೆ. ಇದರಿಂದ ಆಗುವ ಅನಾಹುತ ಮೋಸಕ್ಕಿಂತ ದೊಡ್ಡದು.

ಹೇಗೆ ಎಂದರೆ, ಆಟದ ಆರಂಭದಲ್ಲಿ ರಷ್ಯಾದ ಒಂದು ಹಡಗುಪಡೆ ಸೆವಾಸ್ಟೊಪೋಲ್‌ನಲ್ಲಿದೆ, ಟರ್ಕಿಯ ಹಡಗುಪಡೆ ಅಂಕಾರಾದಲ್ಲಿದೆ. ನಡುವೆ ಕಪ್ಪು ಸಮುದ್ರ. ಇಬ್ಬರೂ ಒಂದು ಒಪ್ಪಂದಕ್ಕೆ ಬರುವುದು ವಾಡಿಕೆ: ಇಬ್ಬರೂ ಸಮುದ್ರಕ್ಕೆ ಹೊರಡೋಣ, ಡಿಕ್ಕಿಯಾಗಿ ಇಬ್ಬರೂ ವಾಪಸಾಗೋಣ, ಸಮುದ್ರ ಖಾಲಿ ಉಳಿಯಲಿ. ಟರ್ಕಿಯವನು ಮಾತಿನಂತೆ ಆದೇಶ ಕಳಿಸಿದ. ರಷ್ಯಾದವನು ಮರೆತ, ಇಲ್ಲವೇ ಬೇಸರವಾಗಿ ಸುಮ್ಮನಾದ. ಈಗ ಎದುರಿಗೆ ಬಂದು ತಡೆಯುವವರೇ ಇಲ್ಲ. ಟರ್ಕಿಯ ಹಡಗು ಸಮುದ್ರದ ನಡುವೆ ನಿಂತಿದೆ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಿಲ್ಲ, ಆದರೂ ಒಪ್ಪಂದ ಮುರಿಯಿತು. ರಷ್ಯಾವನ್ನು ನೆಚ್ಚಿ ಲೆಕ್ಕ ಹಾಕಿದ್ದ ಆಸ್ಟ್ರಿಯಾ, ಜರ್ಮನಿ, ಇಂಗ್ಲೆಂಡಿನವರ ಯೋಜನೆಯೂ ತಲೆಕೆಳಗಾಯಿತು.

ದ್ರೋಹ ಮಾಡಿದವನು ಆಟದೊಳಗೆ ಇರುತ್ತಾನೆ. ಅವನ ಮೇಲೆ ಸೇಡು ತೀರಿಸಬಹುದು, ಅವನ ಜೊತೆ ಮತ್ತೆ ರಾಜಿಯಾಗಬಹುದು. ಉತ್ತರವೇ ಕೊಡದವನ ಜೊತೆ ಏನು ಮಾಡುವುದು? ಅವನು ಕೆಡಿಸುವುದು ತನ್ನ ಆಟವನ್ನಷ್ಟೇ ಅಲ್ಲ, ಆರು ಜನರ ತಿಂಗಳುಗಳ ಶ್ರಮವನ್ನು. ಅದಕ್ಕೇ ಈ ವಲಯದಲ್ಲಿ ಬೆನ್ನಿಗೆ ಚೂರಿ ಹಾಕಿದವನನ್ನು ಮುಂದಿನ ಆಟಕ್ಕೆ ನಗುತ್ತಾ ಕರೆಯುತ್ತಾರೆ, ಗಡುವು ತಪ್ಪಿಸಿ ಮಾಯವಾಗುವವನನ್ನು ಕರೆಯಲು ಹಿಂಜರಿಯುತ್ತಾರೆ. ಅಂಥವನ ಜಾಗ ತುಂಬಲು ಬದಲಿ ಆಟಗಾರನನ್ನು ಮೊದಲೇ ಸಿದ್ಧವಾಗಿ ಇಟ್ಟುಕೊಳ್ಳುವ ಪದ್ಧತಿ ಬಂದದ್ದೂ ಇದಕ್ಕೇ. ಮುಳುಗುತ್ತಿರುವ ದೇಶವನ್ನು ಕೈಗೆತ್ತಿಕೊಂಡು ಕೊನೆಯವರೆಗೆ ಆಡುವವನಿಗೆ ಅಲ್ಲಿ ಗೆದ್ದವನಷ್ಟೇ ಮರ್ಯಾದೆ.

ಕ್ಯಾಲಮರ್‌ಗೆ ಈ ಆಟ ಹೆಸರು ತಂದಿತು, ಸಿರಿತನ ತರಲಿಲ್ಲ. ಶಿಕಾಗೋ ಸಮೀಪ ಪೋಸ್ಟ್‌ಮ್ಯಾನ್ ಕೆಲಸ ಮಾಡಿ ನಿವೃತ್ತನಾದ. ತಾನು ಕಟ್ಟಿದ ಆಟದ ಪತ್ರಗಳು ದೇಶದೇಶಗಳ ನಡುವೆ ಓಡಾಡುತ್ತಿದ್ದ ಕಾಲದಲ್ಲಿ ಅವನು ಮನೆಮನೆಗೆ ಬೇರೆಯವರ ಕಾಗದ ಹಂಚುತ್ತಿದ್ದ. 2013ರ ಫೆಬ್ರುವರಿಯಲ್ಲಿ ತೀರಿಕೊಂಡ.

ಇಂದು ಈ ಆಟ ಆಡಲು ಪೆಟ್ಟಿಗೆಯೂ ಬೇಡ, ಅಂಚೆಚೀಟಿಯೂ ಬೇಡ. ಫೋನಿನಲ್ಲಿ ಇಮೇಲ್ ಇದ್ದರೆ ಸಾಕು. ಓದು ಮುಗಿಸಿ ಏಳು ದಿಕ್ಕಿಗೆ ಚದುರಿದ ಗೆಳೆಯರು ನಿಮಗೂ ಇರಬಹುದು. ಶುರು ಮಾಡುವುದಾದರೆ ಮೊದಲು ಹುಡುಕಬೇಕಾದದ್ದು ಏಳು ಆಟಗಾರರನ್ನಲ್ಲ. ತಾನು ಆಡದೆ, ಯಾರ ಪಕ್ಷವನ್ನೂ ವಹಿಸದೆ, ಭಾನುವಾರ ರಾತ್ರಿ ಒಂಬತ್ತು ಎಂದರೆ ಒಂಬತ್ತಕ್ಕೇ ಲೆಕ್ಕ ಮುಗಿಸಿ ಕಳಿಸುವ ಎಂಟನೆಯವರನ್ನು.