ನಕ್ಷೆಯಲ್ಲಿಲ್ಲದ ನೀರಿನ ಗೆರೆ

ಭೂಮಾಪನ ಇಲಾಖೆಯ ನೌಕರಿಯುದ್ದಕ್ಕೂ ನಾನು ಅಳೆದದ್ದು ನೆಲದ ಮೇಲಿನದನ್ನು ಮಾತ್ರ. ಹದ್ದುಕಲ್ಲು, ಬದು, ಬಂಡಿದಾರಿ, ಹಳ್ಳ, ಬಾವಿ, ಗುಡಿ, ಇವಕ್ಕೆಲ್ಲ ಗ್ರಾಮನಕ್ಷೆಯಲ್ಲಿ ಒಂದೊಂದು ಗುರುತು ಉಂಟು. ನೆಲದಡಿ ಕೊರೆದ ನೀರಿನ ದಾರಿಗೆ ನಾನು ಕಂಡ ಯಾವ ನಕ್ಷೆಯಲ್ಲೂ ಗುರುತಿಲ್ಲ. ಬೀದರಿನಂಥ ಹಳೆಯ ಊರನ್ನು ಕಾಯುವವರು ಯಾರು ಎಂದು ಯಾರಾದರೂ ಕೇಳಿದರೆ ನಾನು ಕೋಟೆಯಿಂದ ಶುರು ಮಾಡುವುದಿಲ್ಲ, ಈ ಇಲ್ಲದ ಗುರುತಿನಿಂದ ಶುರು ಮಾಡುತ್ತೇನೆ.

ನೌಬಾದ ಇರುವುದು ಬೀದರಿನಿಂದ ಭಾಲ್ಕಿಗೆ ಹೋಗುವ ದಾರಿಯಲ್ಲಿ. ಮೊದಲು ಊರ ಹೊರಗಿನ ಹಳ್ಳಿ, ಈಗ ನಗರದ್ದೇ ಒಂದು ಭಾಗ. ಅದರಡಿ ಬಹಮನಿ ಕಾಲದ ಕರೇಜ್ ಇದೆ. ನಮ್ಮ ಜನ ಅದನ್ನು ಸುರಂಗ ಬಾವಿ ಅನ್ನುತ್ತಾರೆ. ಮೇಲಿನಿಂದ ನೋಡಿದರೆ ಸಾಲಾಗಿ ಕೆಲವು ಬಾವಿಗಳು, ಅಷ್ಟೇ. ಆದರೆ ಅವು ಬಾವಿಗಳಲ್ಲ. ಕೆಳಗಿನ ಸುರಂಗವನ್ನು ತೋಡುವಾಗ ಮಣ್ಣು ಎತ್ತಲು, ಒಳಗಿದ್ದವರಿಗೆ ಗಾಳಿ ಬೆಳಕು ಸಿಗಲು ಇಳಿಸಿದ ಕಿಂಡಿಗಳು. ಎತ್ತರದಲ್ಲಿ ಒಂದು ತಾಯಿಬಾವಿ, ಅಲ್ಲಿಂದ ಇಳಿಜಾರು ಕಂಡೂ ಕಾಣದಂತೆ ಇಳಿಯುವ ಸುರಂಗ, ಕೊನೆಗೆ ನೀರು ತಾನಾಗಿ ಹೊರಬರುವ ಬಾಯಿ. ರಾಟೆ ಬೇಡ, ಎತ್ತು ಬೇಡ. ಆ ಇಳಿಜಾರು ಜಾಸ್ತಿಯಾದರೆ ನೀರು ಸುರಂಗವನ್ನು ಕೊರೆಯುತ್ತದೆ, ಕಡಿಮೆಯಾದರೆ ನಿಂತು ಹೂಳು ಕಟ್ಟುತ್ತದೆ. ಲೆವೆಲಿಂಗ್ ಯಂತ್ರ ಹಿಡಿದು ಬಿಸಿಲಲ್ಲಿ ನಿಂತವನಿಗೆ ಗೊತ್ತು, ಅದು ಎಷ್ಟು ನಾಜೂಕಿನ ಕೆಲಸವೆಂದು. ಅವರು ಅದನ್ನು ಕತ್ತಲೆಯಲ್ಲಿ ಸುಮಾರು ಮೂರು ಕಿಲೋಮೀಟರ್ ಸಾಧಿಸಿದ್ದಾರೆ.

ಇದು ಇಲ್ಲೇ ಯಾಕೆ ಆಯಿತು ಎಂಬುದಕ್ಕೆ ಉತ್ತರ ಕಲ್ಲಿನಲ್ಲಿದೆ. ಬೀದರ್ ಕೂತಿರುವುದು ಕೆಂಪು ಜಂಬಿಟ್ಟಿಗೆಯ ದಿಬ್ಬದ ಮೇಲೆ. ಜಂಬಿಟ್ಟಿಗೆ ಮಳೆನೀರನ್ನು ಕುಡಿದು ಕೆಳಕ್ಕೆ ಬಿಡುತ್ತದೆ, ಅದರಡಿಯ ಕರಿಕಲ್ಲು ತಡೆಯುತ್ತದೆ. ಎರಡೂ ಕೂಡುವಲ್ಲಿ ನೀರು ಅಡ್ಡ ಹರಿದು ದಿಬ್ಬದ ಅಂಚಿನಲ್ಲಿ ಝರಿಯಾಗುತ್ತದೆ. ನರಸಿಂಹ ಝರಣಿಯ ಗುಹೆಯಲ್ಲಿ ಎದೆಮಟ್ಟ ನಿಲ್ಲುವ ನೀರು, ನಾನಕ್ ಝೀರಾದ ಬುಗ್ಗೆ, ಪಾಪನಾಶದ ನೀರು, ಎಲ್ಲದಕ್ಕೂ ಈ ದಿಬ್ಬವೇ ಮೂಲ. ಕಲ್ಲಿನ ಜೊತೆ ಜನರೂ ಕೂಡಿ ಬಂದರು. ಬಹಮನಿ ಸುಲ್ತಾನ ಅಹಮದ್ ಶಾ ವಲಿ 1420ರ ದಶಕದಲ್ಲಿ ರಾಜಧಾನಿಯನ್ನು ಕಲಬುರಗಿಯಿಂದ ಇಲ್ಲಿಗೆ ತಂದ. ಕೋಟೆ 1432ರ ಹೊತ್ತಿಗೆ ಎದ್ದು ನಿಂತಿತು. ಇರಾನಿನ ಕೆರ್ಮಾನ್ ಸೀಮೆಯ ಸೂಫಿ ಶಾ ನಿಯಾಮತುಲ್ಲಾನ ಮನೆತನದವರನ್ನು ಅವನು ಬೀದರಿಗೆ ಕರೆಸಿಕೊಂಡ. ಅಷ್ಟೂರಿನ ದಾರಿಯ ಚೌಖಂಡಿ ಆ ಮನೆತನದ ಖಲೀಲುಲ್ಲಾನದೇ ಗೋರಿ. ಕೆರ್ಮಾನ್ ಸುರಂಗನೀರಿನ ನಾಡು. ಯುನೆಸ್ಕೊ 2016ರಲ್ಲಿ ಪರ್ಷಿಯಾದ ಸುರಂಗಗಳನ್ನು ವಿಶ್ವಪರಂಪರೆಗೆ ಸೇರಿಸಿತು. ಅದೇ ವಿದ್ಯೆ ಇಲ್ಲಿ ನೌಬಾದದ ಕೆಂಪುಕಲ್ಲಿನೊಳಗಿದೆ.

ಬೀದರಿಗೆ ಕಾವಲುಗಾರರು ಇಲ್ಲದೇ ಇಲ್ಲ. ನಿಜಾಮ ಸರ್ಕಾರ 1914ರಲ್ಲಿ ಪುರಾತತ್ವ ಇಲಾಖೆ ತೆರೆದು ಗುಲಾಮ್ ಯಾಜ್ದಾನಿಯವರನ್ನು ಮುಖ್ಯಸ್ಥರನ್ನಾಗಿ ಮಾಡಿತು. ಅಜಂತಾದ ಚಿತ್ರಗಳನ್ನು ಉಳಿಸಲು ಇಟಲಿಯಿಂದ ಪರಿಣತರನ್ನು ಕರೆಸಿದ ಇಲಾಖೆ ಅದು. ಬೀದರಿನ ಗೋರಿ, ಮಹಲು, ಮಸೀದಿಗಳನ್ನು ಒಂದೊಂದಾಗಿ ಅಳೆದು, ಓದಿ, ಯಾಜ್ದಾನಿ 1947ರಲ್ಲಿ ದೊಡ್ಡ ಪುಸ್ತಕ ಹೊರತಂದರು. ಮರುವರ್ಷ ಪೊಲೀಸ್ ಕಾರ್ಯಾಚರಣೆ ನಡೆದು ನಿಜಾಮನ ಸಂಸ್ಥಾನ ಭಾರತಕ್ಕೆ ಸೇರಿತು. ಆಮೇಲೆ ಕೋಟೆ, ಬಹಮನಿ ಮಂತ್ರಿ ಮಹಮೂದ್ ಗವಾನನ ಮದರಸಾ, ಅಷ್ಟೂರಿನ ಗೋರಿಗಳು, ಬರೀದ್ ಶಾಹಿ ಗೋರಿಗಳು ಕೇಂದ್ರ ಪುರಾತತ್ವ ಸರ್ವೇಕ್ಷಣೆಯ ಕೈಗೆ ಹೋದವು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು, 1961ರಲ್ಲಿ ರಾಜ್ಯದ್ದೇ ಸ್ಮಾರಕ ಕಾಯ್ದೆ ಬಂತು. ಕೇಂದ್ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿ ಇನ್ನೂ ಬಿಗಿ: ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ, ಅದರಾಚೆಗಿನ 200 ಮೀಟರಿನಲ್ಲಿ ಅನುಮತಿ ಬೇಕು. 2014ರಲ್ಲಿ ದಖನಿನ ಸುಲ್ತಾನರ ಸ್ಮಾರಕಗಳ ಜೊತೆ ಬೀದರ್ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಏರಿತು.

ಈ ಇಡೀ ವ್ಯವಸ್ಥೆ ಕಟ್ಟಡವನ್ನು ನಡುವೆ ಇಟ್ಟುಕೊಂಡು ಸುತ್ತ ಗಡಿ ಎಳೆಯುತ್ತದೆ. ಮದರಸಾಕ್ಕೆ ಅದು ಸರಿ. ಅದು 1472ರ ಕಟ್ಟಡ. 1696ರ ಸ್ಫೋಟದಲ್ಲಿ ಒಂದು ಭಾಗ ಹಾರಿಹೋದರೂ ಉಳಿದದ್ದು ಎಲ್ಲರ ಕಣ್ಣೆದುರೇ ನಿಂತಿದೆ. ಕರೇಜಿಗೆ ನಡು ಎಲ್ಲಿದೆ? ಅದು ಒಬ್ಬರ ಹೊಲದಲ್ಲಿ ಹುಟ್ಟಿ, ಹತ್ತಾರು ಸರ್ವೆ ನಂಬರುಗಳನ್ನು ದಾಟಿ, ಇನ್ನೆಲ್ಲೋ ಬಾಯಿ ತೆರೆಯುತ್ತದೆ. ಮೋಜಣಿಗೆ ಹೋದಾಗ ಒಬ್ಬ ಹಿರಿಯ ರೈತ ನನ್ನನ್ನು ನೇರವಾಗಿ ಕೇಳಿದ್ದ: "ಸಾಹೇಬ್ರ, ಮ್ಯಾಲಿನ ಜಮೀನು ನಂದದ. ಕೆಳಗಿನ ಸುರಂಗ ಯಾರ್ದದ?" ನನ್ನ ಕೈಲಿದ್ದ ಟಿಪ್ಪಣಿಯಲ್ಲಿ ಉತ್ತರ ಇರಲಿಲ್ಲ.

ಊರು ಬೆಳೆಯುವುದು ಕಾಗದದ ಮೇಲೆ ಮೊದಲು. ಹೊಲ ಪ್ಲಾಟಾಗಬೇಕಾದರೆ ಜಮೀನು ಭಾಗ ಮಾಡುವ 11ಇ ನಕ್ಷೆ ಆಗಬೇಕು, ಅದು ನಮ್ಮ ಕೆಲಸ. ಜಿಲ್ಲಾಧಿಕಾರಿಗಳಿಂದ ಕೃಷಿಯೇತರ ಬಳಕೆಯ ಎನ್‌.ಎ. ಆದೇಶ, ನಗರಾಭಿವೃದ್ಧಿ ಪ್ರಾಧಿಕಾರದಿಂದ ಲೇಔಟ್ ಮಂಜೂರಾತಿ, ಕೊನೆಗೆ ನಗರಾಡಳಿತದ ಖಾತೆ. ರಸ್ತೆ ಎಷ್ಟು ಅಗಲ, ಉದ್ಯಾನಕ್ಕೆ ಎಷ್ಟು ಜಾಗ, ಹಳ್ಳದಿಂದ ಎಷ್ಟು ದೂರ, ಎಲ್ಲವನ್ನೂ ನೋಡುತ್ತಾರೆ. ಯಾಕೆಂದರೆ ಇವೆಲ್ಲ ನಕ್ಷೆಯಲ್ಲಿವೆ. ಕಿಂಡಿಯೊಂದನ್ನು ಮುಚ್ಚಿ ಮನೆ ಎಬ್ಬಿಸಿದವನು ಕಾನೂನು ಮುರಿದವನೂ ಆಗುವುದಿಲ್ಲ. ಪಾಳುಬಾವಿ ಎಂದು ಕಸ ತುಂಬಿದವನೂ ಅಷ್ಟೇ.

ನೌಬಾದ ಕರೇಜಿನ ಜಾಡು ಹಿಡಿದವರು ಕೇರಳದ ಭೂಗೋಳ ತಜ್ಞ ಗೋವಿಂದನ್‌ಕುಟ್ಟಿ. ಒಂದೊಂದು ಕಿಂಡಿಯನ್ನೂ ಹುಡುಕಿ ಅದರ ಗೆರೆ ಎಳೆದರು. 2015–16ರ ಬರದ ಹೊತ್ತಿಗೆ ಆಗಿನ ಜಿಲ್ಲಾಧಿಕಾರಿ ಅನುರಾಗ್ ತಿವಾರಿ ಹೂಳು ತೆಗೆಸಿದರು, ಮುಚ್ಚಿಹೋಗಿದ್ದ ಸುರಂಗದೊಳಗೆ ಜನ ಇಳಿದು ನೋಡಿದರು. ಕರೇಜ್ ಎಂಬುದು ಬೀದರಿನ ಹೆಮ್ಮೆಯಾಯಿತು. ಆದರೆ ಅಧಿಕಾರಿಗೆ ವರ್ಗಾವಣೆ ಇರುತ್ತದೆ, ಹೂಳು ಮತ್ತೆ ಬರುತ್ತದೆ.

ಹಂಪಿಗೆ 2002ರಲ್ಲಿ ರಾಜ್ಯ ತನ್ನದೇ ಕಾಯ್ದೆ ಮಾಡಿ ಪ್ರತ್ಯೇಕ ಪ್ರಾಧಿಕಾರ ಕೊಟ್ಟಿತು. ಗುಡಿಯ ಜೊತೆಗೆ ಕಾಲುವೆ, ಹೊಲ, ಬಂಡೆಗಳೂ ಒಂದೇ ಕಣ್ಣಿಗೆ ಬಿದ್ದವು. ಬೀದರಿಗೂ ಅಂಥದ್ದು ಬಂದರೆ ಒಳ್ಳೆಯದೇ. ಬರುವವರೆಗೆ ಕಾಯಬೇಕಿಲ್ಲ. ಕಂದಾಯ ದಾಖಲೆಯಲ್ಲಿ ದಾರಿ, ಹಳ್ಳ, ಸಾರ್ವಜನಿಕ ಬಾವಿಗೆ ಬಿಟ್ಟ ಜಾಗವನ್ನು ಬಿ ಖರಾಬು ಎಂದು ಬರೆಯುವ ಪದ್ಧತಿ ಇದೆ. ಅದನ್ನು ಯಾರೂ ಮಾರಲಾರರು, ಪ್ಲಾಟಿಗೆ ಸೇರಿಸಲಾರರು. ಪ್ರತಿ ಕಿಂಡಿಯನ್ನೂ ಅಳೆದು ಹಾಗೆ ಬರೆಯಲಿ. ಸುರಂಗದ ಗೆರೆಯನ್ನು ಗ್ರಾಮನಕ್ಷೆಯಲ್ಲೂ ನಗರದ ಮಹಾಯೋಜನೆಯಲ್ಲೂ ಹಾಕಲಿ. ಆ ಗೆರೆ ತಾಗುವ ಸರ್ವೆ ನಂಬರಿನ ಪಹಣಿಯ ಹಕ್ಕುಗಳ ಕಾಲಮ್ಮಿನಲ್ಲಿ ಒಂದು ಸಾಲು ಬರೆಯಲಿ. ಆಗ ಇತಿಹಾಸ ಓದದ ಗುಮಾಸ್ತನೂ ಕಡತವನ್ನು ತಡೆದು ಕೇಳುತ್ತಾನೆ.

ಕೋಟೆಯನ್ನು ದೆಹಲಿ ಕಾಯಲಿ, ಅದಕ್ಕೆ ಕಾಯ್ದೆ ಇದೆ. ನೌಬಾದದ ನೀರನ್ನು ಕಾಯಬೇಕಾದವರು ತಹಸೀಲು ಕಚೇರಿಯ ಮೇಜಿನ ಹಿಂದೆ ಇದ್ದಾರೆ. ಅವರ ಕೈಗೆ ಬೇಕಾದದ್ದು ಗೆರೆ ಇರುವ ಒಂದು ನಕ್ಷೆ, ಮತ್ತು ಅದಕ್ಕೆ ಒಂದು ಅಧಿಸೂಚನೆ.