ಏಳು ವರ್ಷದ ನಷ್ಟಭಯ, ಅರುವತ್ತು ವರ್ಷದ ಸನ್ನದು: ಪರ್ಷಿಯದ ತೈಲಾನ್ವೇಷಣೆಯ ಒಂದು ವಿಮರ್ಶೆ

ಪರ್ಷಿಯದ, ಎಂದರೆ ಇಂದಿನ ಇರಾನಿನ, ನೈರುತ್ಯ ಭಾಗದಲ್ಲಿರುವ ಮಸ್ಜಿದ್-ಇ-ಸುಲೇಮಾನ್ ಎಂಬ ಸ್ಥಳದಲ್ಲಿ 1908ನೆಯ ಇಸವಿ ಮೇ 26ರಂದು ಖನಿಜತೈಲ ಚಿಮ್ಮಿತು. ಪಶ್ಚಿಮ ಏಷ್ಯದ ಆರ್ಥಿಕ ಚರಿತ್ರೆಯಲ್ಲಿ ಅಂದಿನಿಂದ ಹೊಸ ಯುಗ ಆರಂಭವಾಯಿತೆಂದು ಹೇಳುವುದು ವಾಡಿಕೆ. ಅದರ ಕೀರ್ತಿಯನ್ನು ವಿಲಿಯಂ ನಾಕ್ಸ್ ಡಾರ್ಸಿ ಎಂಬ ಆಂಗ್ಲ ಧನಿಕನ ಸಾಹಸಕ್ಕೆ ಸಲ್ಲಿಸುವುದೂ ವಾಡಿಕೆ. ಆದರೆ ತೈಲಾನ್ವೇಷಣೆಯೆಂಬುದು ಪ್ರಧಾನವಾಗಿ ನಷ್ಟಭಯದ ವ್ಯವಹಾರ. ಆ ಭಯವನ್ನು ಯಾರು ಹೊತ್ತರು, ಎಷ್ಟು ಕಾಲ ಹೊತ್ತರು, ಪ್ರತಿಯಾಗಿ ಏನನ್ನು ಪಡೆದರು ಎಂದು ವಿಚಾರಿಸಿದರೆ ಈ ಪ್ರಕರಣವು ಬೇರೊಂದು ರೂಪದಲ್ಲಿ ಗೋಚರಿಸುತ್ತದೆ.

ನಷ್ಟಭಯದ ಮೂಲವು ಬಾವಿ ಕೊರೆಯುವ ಕಾರ್ಯದ ಸ್ವರೂಪದಲ್ಲಿಯೇ ಇದೆ. ನೆಲದ ಮೇಲೆ ಒಸರುವ ಎಣ್ಣೆಯನ್ನೂ ಶಿಲಾಸ್ತರಗಳ ಬಾಗನ್ನೂ ನೋಡಿ ಭೂವಿಜ್ಞಾನಿಯು ಸಂಭವವನ್ನು ಮಾತ್ರ ಹೇಳಬಲ್ಲನು. ನಿಶ್ಚಯವನ್ನು ಹೇಳಬಲ್ಲದ್ದು ಬಾವಿಯೊಂದೇ. ಆ ಕಾಲದಲ್ಲಿ ಭಾರವಾದ ಉಕ್ಕಿನ ಉಳಿಯನ್ನು ಉಗಿಯಂತ್ರದಿಂದ ಮೇಲೆತ್ತಿ, ಮತ್ತೆ ಮತ್ತೆ ಕೆಡವಿ ಬಂಡೆಯನ್ನು ಜಜ್ಜುತ್ತಿದ್ದರು. ಪುಡಿಯಾದ ಕಲ್ಲನ್ನು ಹೊರತೆಗೆದು, ಮಗ್ಗುಲು ಕುಸಿಯದಂತೆ ಕಬ್ಬಿಣದ ಕೊಳವೆಗಳನ್ನು ಇಳಿಸುತ್ತಿದ್ದರು. ಎಣ್ಣೆ ದೊರೆಯದಿದ್ದರೆ ಕೂಲಿಗೂ ಇಂಧನಕ್ಕೂ ಸಾಗಾಣಿಕೆಗೂ ಸುರಿದ ಹಣ ಹಿಂದಿರುಗುವ ಮಾರ್ಗವಿರಲಿಲ್ಲ. ದೊರೆತರೂ ಅದು ಬಹುಕಾಲ ಬರುವುದೆಂಬ ಭರವಸೆಯಿರಲಿಲ್ಲ.

ಆಸ್ಟ್ರೇಲಿಯದ ಮೌಂಟ್ ಮಾರ್ಗನ್ ಚಿನ್ನದ ಗಣಿಯಿಂದ ಐಶ್ವರ್ಯವಂತನಾಗಿದ್ದ ಡಾರ್ಸಿಯು 1901ನೆಯ ಇಸವಿ ಮೇ 28ರಂದು ಮುಜಫ್ಫರುದ್ದೀನ್ ಷಾನಿಂದ ಸನ್ನದನ್ನು ಪಡೆದನು. ರಷ್ಯದ ಅಸಮಾಧಾನಕ್ಕೆ ಅಂಜಿ ಉತ್ತರದ ಐದು ಪ್ರಾಂತಗಳನ್ನು ಬಿಟ್ಟು, ಸುಮಾರು 4,80,000 ಚದರ ಮೈಲಿ ಭೂಮಿಯಲ್ಲಿ ಎಣ್ಣೆಯನ್ನು ಹುಡುಕುವ ಹಾಗೂ ತೆಗೆಯುವ ಹಕ್ಕು 60 ವರ್ಷಗಳ ಕಾಲ ಅವನದಾಯಿತು. ಷಾನ ಸರ್ಕಾರಕ್ಕೆ ಸಲ್ಲತಕ್ಕದ್ದು 20,000 ಪೌಂಡು ನಗದು, ಅಷ್ಟೇ ಬೆಲೆಯ ಷೇರುಗಳು ಮತ್ತು ನಿವ್ವಳ ಲಾಭದಲ್ಲಿ ನೂರಕ್ಕೆ 16ರಷ್ಟು ಪಾಲು.

ಮೊದಲ ಪ್ರಯತ್ನ ಇಂದಿನ ಇರಾಕಿನ ಗಡಿಯ ಸಮೀಪದ ಚಿಯಾ ಸುರ್ಖ್‌ನಲ್ಲಿ ನಡೆಯಿತು. ಹಿಂದೆ ಹಿಂದೂಸ್ಥಾನದ ಲೋಕೋಪಯೋಗಿ ಇಲಾಖೆಯಲ್ಲಿ ಸೇವೆ ಸಲ್ಲಿಸಿದ್ದ ಜಾರ್ಜ್ ರೆನಾಲ್ಡ್ಸ್ ಎಂಬ ಎಂಜಿನಿಯರು ಕೆಲಸದ ಮೇಲ್ವಿಚಾರಕನಾಗಿದ್ದನು. ಯಂತ್ರಸಾಮಗ್ರಿಗಳನ್ನು ನದಿಯ ಮೂಲಕ ಬಾಗ್ದಾದಿಗೆ ತಂದು, ಅಲ್ಲಿಂದ ಹೇಸರಗತ್ತೆಗಳ ಮೇಲೆ ಬೆಟ್ಟಗಳನ್ನು ದಾಟಿಸಬೇಕಾಗಿತ್ತು. 1904ರ ಜನವರಿಯಲ್ಲಿ ಕಂಡ ಎಣ್ಣೆ ಕೆಲವೇ ತಿಂಗಳಲ್ಲಿ ಕ್ಷೀಣಿಸಿತು. ಎರಡು ಬಾವಿಗಳಿಗೆ 10,000 ಪೌಂಡು ಸಾಕೆಂದು ಮೊದಲು ಅಂದಾಜು ಮಾಡಲಾಗಿತ್ತು. ನಾಲ್ಕು ವರ್ಷಗಳೊಳಗೆ ಡಾರ್ಸಿಯ ವೆಚ್ಚವು ಎರಡು ಲಕ್ಷ ಪೌಂಡುಗಳನ್ನು ಮೀರಿತು.

ಆಗ ಅವನ ಕೈಹಿಡಿದದ್ದು ಬರ್ಮಾ ಆಯಿಲ್ ಕಂಪನಿ. ಸನ್ನದು ಅನ್ಯ ರಾಷ್ಟ್ರದವರ ಪಾಲಾದೀತೆಂದು ಶಂಕಿಸಿದ ಬ್ರಿಟಿಷ್ ನೌಕಾಖಾತೆಯೇ ಈ ಸಂಧಾನಕ್ಕೆ ಪ್ರೇರಕವಾಗಿತ್ತು. 1905ರ ಮೇ ತಿಂಗಳಿನಲ್ಲಿ ಒಪ್ಪಂದವಾಗಿ, ಮುಂದಿನ ವೆಚ್ಚದ ಹೊರೆ ಡಾರ್ಸಿಯಿಂದ ಕಂಪನಿಗೆ ವರ್ಗವಾಯಿತು. ಬರ್ಮಾ ಆಗ ಬ್ರಿಟಿಷ್ ಹಿಂದೂಸ್ಥಾನದ ಒಂದು ಪ್ರಾಂತ. ಅಲ್ಲಿಯ ಎಣ್ಣೆಗೆ ಮುಖ್ಯ ಮಾರುಕಟ್ಟೆ ಈ ದೇಶವೇ. ಆದಕಾರಣ ಪರ್ಷಿಯದ ಬಾವಿಗಳಿಗೆ ಸುರಿದ ಬಂಡವಾಳದ ಹಿಂದೆ, ಇಲ್ಲಿಯ ಮನೆಗಳಲ್ಲಿ ಉರಿದ ಸೀಮೆಎಣ್ಣೆಯ ಬುಡ್ಡಿಗಳೂ ಇದ್ದುವೆಂಬುದನ್ನು ನಾವು ಮರೆಯಲಾಗದು. ಬಾವಿಗಳ ರಕ್ಷಣೆಗೆ ಹೋದದ್ದೂ ಹಿಂದೂಸ್ಥಾನದ ಸೈನ್ಯದ ಒಂದು ತುಕಡಿಯೇ.

ನೈರುತ್ಯದಲ್ಲಿ ಮಾಮಾತೈನ್‌ನ ಬಾವಿಗಳೂ ಬರಿದಾದ ಬಳಿಕ, 1908ರ ಆದಿಯಲ್ಲಿ ಮಸ್ಜಿದ್-ಇ-ಸುಲೇಮಾನಿನಲ್ಲಿ ಕೊರೆತ ಪ್ರಾರಂಭವಾಯಿತು. ಕಂಪನಿಯ ತಾಳ್ಮೆಯೂ ಮುಗಿಯುತ್ತ ಬಂದಿತ್ತು. 1,600 ಅಡಿಯವರೆಗೆ ಕೊರೆದೂ ಎಣ್ಣೆ ದೊರೆಯದಿದ್ದರೆ ಕೆಲಸವನ್ನು ನಿಲ್ಲಿಸಬೇಕೆಂಬ ಆಜ್ಞೆ ಮೇ ತಿಂಗಳಿನಲ್ಲಿ ಹೊರಟಿತು. ಅದು ಕೈಸೇರುವ ಮುನ್ನವೇ ಸುಮಾರು 1,180 ಅಡಿಯಲ್ಲಿ ಎಣ್ಣೆ ಚಿಮ್ಮಿತು.

ಫಲದ ಹಂಚಿಕೆ ಗಮನಾರ್ಹವಾದುದು. 1909ರಲ್ಲಿ ಆಂಗ್ಲೋ-ಪರ್ಷಿಯನ್ ಕಂಪನಿ ಸ್ಥಾಪಿತವಾದಾಗ ಡಾರ್ಸಿಗೆ ಹಿಂದಿನ ವೆಚ್ಚವೂ ಬರ್ಮಾ ಕಂಪನಿಯ ಷೇರುಗಳೂ ಸಂದುವು. ಬೆಟ್ಟದಲ್ಲಿ ದುಡಿದ ರೆನಾಲ್ಡ್ಸನನ್ನು 1911ರಲ್ಲಿ ಕೆಲಸದಿಂದ ಬಿಡಿಸಲಾಯಿತು. 1914ರಲ್ಲಿ ಬ್ರಿಟಿಷ್ ಸರ್ಕಾರವು 22 ಲಕ್ಷ ಪೌಂಡು ತೊಡಗಿಸಿ ಕಂಪನಿಯ ಬಹುಪಾಲಿನ ಒಡೆತನವನ್ನು ಪಡೆಯಿತು. ಎಣ್ಣೆಯಿದೆಯೋ ಇಲ್ಲವೋ ಎಂಬ ಭಯ ಅಷ್ಟರಲ್ಲಿ ತೀರಿಹೋಗಿತ್ತು.

ಪರ್ಷಿಯವು ನಷ್ಟದಲ್ಲಿ ಭಾಗಿಯಾಗಿರಲಿಲ್ಲ, ಆದುದರಿಂದ ಲಾಭದಲ್ಲಿ ಅಲ್ಪಭಾಗವೇ ನ್ಯಾಯ ಎಂದು ವಾದಿಸಬಹುದು. ಈ ವಾದವನ್ನು ಪೂರ್ತಿಯಾಗಿ ಅಲ್ಲಗಳೆಯಲಾಗದು. ಬರಿಯ ಬಾವಿಗಳಿಗೆ ಷಾನ ಬೊಕ್ಕಸದಿಂದ ಹಣ ಹೋಗಲಿಲ್ಲ. ಆದರೆ ಅನ್ವೇಷಣೆಯ ನಷ್ಟಭಯವು ಏಳು ವರ್ಷಗಳಲ್ಲಿ ಕೊನೆಗೊಂಡಿತು. ಅದಕ್ಕೆ ತೆತ್ತ ಬೆಲೆಯ ಅವಧಿ ಅರುವತ್ತು ವರ್ಷ. ಮೇಲಾಗಿ ನಿವ್ವಳ ಲಾಭವನ್ನು ಲೆಕ್ಕಹಾಕುತ್ತಿದ್ದುದು ಕಂಪನಿಯೇ. 1930ರಲ್ಲಿ ಹನ್ನೆರಡು ಲಕ್ಷ ಪೌಂಡಿಗೂ ಮೀರಿದ್ದ ಇರಾನಿನ ಪಾಲು, ಜಗತ್ತಿನ ಆರ್ಥಿಕ ಮುಗ್ಗಟ್ಟಿನಲ್ಲಿ 1931ಕ್ಕೆ ಸುಮಾರು ಮೂರು ಲಕ್ಷಕ್ಕಿಳಿಯಿತು. ಬಾವಿಯ ಭಯವನ್ನು ಹೊರದ ದೇಶವು ಮಾರುಕಟ್ಟೆಯ ಭಯವನ್ನು ಹೊರಬೇಕಾಯಿತು. 1932ರಲ್ಲಿ ರೆಜಾ ಷಾ ಸನ್ನದನ್ನು ರದ್ದುಪಡಿಸಿದನು. 1933ರ ಹೊಸ ಒಪ್ಪಂದವು ಅವಧಿಯನ್ನು 1993ರವರೆಗೆ ಇನ್ನೂ ಬೆಳೆಸಿತು. 1951ರಲ್ಲಿ ಇರಾನ್ ತನ್ನ ತೈಲೋದ್ಯಮವನ್ನು ರಾಷ್ಟ್ರೀಕರಿಸಿತು.

ಈ ಸಂಗತಿಗಳಿಂದ ಒಂದು ಅಂಶ ವಿಶದವಾಗುತ್ತದೆ. ತೈಲದ ಒಪ್ಪಂದಗಳು ಅಜ್ಞಾನದ ಗಳಿಗೆಯಲ್ಲಿ, ಭೂಗರ್ಭದಲ್ಲಿ ಏನಿದೆಯೆಂದು ಇಬ್ಬರಿಗೂ ತಿಳಿಯದಿರುವಾಗ, ರಚಿತವಾಗುತ್ತವೆ. ಜಾರಿಯಲ್ಲಿರುವುದು ಮಾತ್ರ ತಿಳಿದ ಮೇಲೆ. ತಿಳಿವಳಿಕೆ ಬದಲಾದಂತೆ ಷರತ್ತುಗಳೂ ಬದಲಾಗಲು ಎಡೆಗೊಡದ ಒಪ್ಪಂದವು ಬಾವಿಯ ಭಯವನ್ನು ನೀಗಿದರೂ ರಾಜಕೀಯದ ಭಯಕ್ಕೆ ಬೀಜವನ್ನು ಬಿತ್ತುತ್ತದೆ. 1951ರ ಘಟನೆಯ ಬೇರನ್ನು 1901ರ ಸನ್ನದಿನಲ್ಲಿಯೇ ಹುಡುಕಬೇಕಾಗಿದೆ.