ಬಾಗಿದ ಮರದ ಚರಿತ್ರೆ

ಮಾಡಿನ ಚರಿತ್ರೆ ಎಂದರೆ ನಮಗೆ ಮೊದಲು ನೆನಪಾಗುವುದು ಗೋಳಗುಮ್ಮಟದಂಥ ದೊಡ್ಡ ಕಟ್ಟಡಗಳು. ಪಠ್ಯಪುಸ್ತಕಗಳೂ ಹಾಗೆಯೇ ಕಲಿಸುತ್ತವೆ: ದೊಡ್ಡ ರಾಜ, ದೊಡ್ಡ ಗುಮ್ಮಟ, ಕಟ್ಟಿಸಿದವನ ಹೆಸರು. ಇದೇ ಚರಿತ್ರೆಯನ್ನು ತೀರಾ ಚಿಕ್ಕದೊಂದು ಮಾಡಿನಿಂದ ಶುರು ಮಾಡಿದರೆ ಬೇರೆ ದಾರಿ ಕಾಣುತ್ತದೆ. ನಾನಿಲ್ಲಿ ಹೇಳಹೊರಟಿರುವ ಮಾಡು ನಾಲ್ಕಡಿ ಅಗಲದ್ದು, ಅದರ ಕೆಳಗೆ ಇಬ್ಬರು ಮಲಗಬಹುದು, ನಿಲ್ಲಲಾಗುವುದಿಲ್ಲ. ಕಾರಿನ ಹಿಂದೆ ಕಟ್ಟಿಕೊಂಡು ಹೋಗುವ ಈ ಪುಟ್ಟ ಗಾಡಿಯನ್ನು ಅಮೆರಿಕದಲ್ಲಿ ‘ಟಿಯರ್‌ಡ್ರಾಪ್’ ಎನ್ನುತ್ತಾರೆ, ಅಂದರೆ ಕಣ್ಣೀರ ಹನಿ. ಮುಂದೆ ಗುಂಡಗೆ ಉಬ್ಬಿ ಹಿಂದಕ್ಕೆ ಇಳಿಜಾರಾಗುವ ಆಕಾರದಿಂದ ಬಂದ ಹೆಸರು ಅದು.

ಈ ಗಾಡಿ ಹುಟ್ಟಿದ್ದು ಅಮೆರಿಕದ ಆರ್ಥಿಕ ಮಹಾಕುಸಿತದ ಕಾಲದಲ್ಲಿ, 1930ರ ದಶಕದಲ್ಲಿ. ಹೋಟೆಲಿನ ಕೋಣೆಗೆ ದುಡ್ಡಿಲ್ಲದಿದ್ದರೂ ಊರು ಸುತ್ತುವ ಆಸೆ ಬಿಡದವರು, ಕೆಲಸ ಹುಡುಕಿ ಊರೂರು ಅಲೆಯುತ್ತಿದ್ದವರು, ಮನೆಯ ಹಿತ್ತಿಲಲ್ಲೇ ಗಾಡಿಗಳನ್ನು ಕಟ್ಟಿಕೊಂಡರು. ‘ನೀವೇ ಮಾಡಿ ನೋಡಿ’ ಎನ್ನುವ ಮಾದರಿಯ ಕುಶಲಕಲೆ ಪತ್ರಿಕೆಗಳು ಅವುಗಳ ನಕ್ಷೆ ಅಚ್ಚು ಹಾಕಿದವು. ರಚನೆ ಸರಳ. ಹಲಗೆಯಲ್ಲಿ ಒಂದೇ ಆಕಾರದ ಎರಡು ಪಕ್ಕದ ಗೋಡೆಗಳನ್ನು ಕತ್ತರಿಸಬೇಕು. ಅವುಗಳ ಅಂಚಿನುದ್ದಕ್ಕೂ ಒಂದು ಗೋಡೆಯಿಂದ ಇನ್ನೊಂದಕ್ಕೆ ಅಡ್ಡಪಟ್ಟಿಗಳನ್ನು ಕೂರಿಸಬೇಕು. ಅವುಗಳ ಮೇಲೆ ತೆಳುವಾದ ಹಲಗೆ ಅಥವಾ ಅಲ್ಯೂಮಿನಿಯಂ ತಗಡನ್ನು ಬಾಗಿಸಿ ಹೊದಿಸಬೇಕು. ಮಾಡು ಸಿದ್ಧ.

ಹೇಳುವಷ್ಟು ಸುಲಭ ಅದಲ್ಲ. ಗಟ್ಟಿಯಾಗಲಿ ಎಂದು ದಪ್ಪ ಮರ ಹಾಕಿದರೆ ಪುಟ್ಟ ಕಾರು ಎಳೆಯಲಾರದು. ಭಾರ ಮೇಲ್ಗಡೆಯೇ ಹೆಚ್ಚಿದರೆ ತಿರುವಿನಲ್ಲಿ ಗಾಡಿ ಓಲಾಡುತ್ತದೆ. ಹಗುರವಾಗಲಿ ಎಂದು ಪಟ್ಟಿಗಳನ್ನು ಕಡಿಮೆ ಮಾಡಿದರೆ ನಡುವೆ ತಗ್ಗು ಬಿದ್ದು ಮಳೆನೀರು ನಿಲ್ಲುತ್ತದೆ. ನೀರು ನಿಂತಲ್ಲಿ ಮರ ಕೊಳೆಯುತ್ತದೆ. ಹಾಗಾದರೆ ಭಾರ ಹೆಚ್ಚಿಸದೆ ಬಲ ತರುವುದು ಹೇಗೆ?

ಈ ಪ್ರಶ್ನೆಗೆ ಒಂದು ಉತ್ತರ 1638ರಲ್ಲೇ ಸಿಕ್ಕಿತ್ತು. ಆ ವರ್ಷ ಲೈಡನ್‌ನಲ್ಲಿ ಅಚ್ಚಾದ ತನ್ನ ಕೊನೆಯ ಗ್ರಂಥದಲ್ಲಿ ಗೆಲಿಲಿಯೋ, ಅಗಲವಾಗಿ ಮಲಗಿಸಿದ ಹಲಗೆಗಿಂತ ಅಂಚಿನ ಮೇಲೆ ನಿಲ್ಲಿಸಿದ ಅದೇ ಹಲಗೆ ಏಕೆ ಹೆಚ್ಚು ಭಾರ ಹೊರುತ್ತದೆ ಎಂದು ವಿವರಿಸಿದ. ಒಂದಕ್ಕೆರಡರ ಅಳತೆಯ ಮರದ ಪಟ್ಟಿಯನ್ನು ಮಲಗಿಸುವ ಬದಲು ನಿಲ್ಲಿಸಿದರೆ ಅದರ ಬಲ ಎರಡು ಪಟ್ಟಾಗುತ್ತದೆ, ಬಾಗದೆ ನಿಲ್ಲುವ ಬಿಗಿ ನಾಲ್ಕು ಪಟ್ಟಾಗುತ್ತದೆ. ಮರ ಅದೇ, ತೂಕ ಅದೇ. ನಮ್ಮ ಬಡಗಿಗಳು ಜಂತೆಯನ್ನು ನಿಲ್ಲಿಸಿ ಕೂರಿಸುವುದರ ಹಿಂದೆಯೂ ಇದೇ ತಿಳಿವಳಿಕೆಯಿದೆ. ಅವರಿಗೆ ಅದು ಗೆಲಿಲಿಯೋನಿಂದ ಬಂದದ್ದಲ್ಲ, ಕೈಯಿಂದ ಬಂದದ್ದು.

ಅಡ್ಡಪಟ್ಟಿಯ ಸಮಸ್ಯೆ ಹೀಗೆ ಬಗೆಹರಿಯಿತು ಎನ್ನೋಣ. ಬಾಗಿದ ಭಾಗದ ಸಮಸ್ಯೆ ಇನ್ನೂ ಉಳಿದಿದೆ. ಗಾಡಿಯ ಹಿಂಭಾಗದಲ್ಲಿ ಅಡುಗೆ ಕಟ್ಟೆಯಿದ್ದು, ಅದನ್ನು ಮುಚ್ಚುವ ದೊಡ್ಡ ಬಾಗಿಲು ಮೇಲಕ್ಕೆ ತೆರೆದುಕೊಳ್ಳುತ್ತದೆ. ಗೋಡೆಯ ಆಸರೆಯಿಲ್ಲದೆ ತನ್ನ ಬಾಗನ್ನು ತಾನೇ ಉಳಿಸಿಕೊಳ್ಳಬೇಕಾದ ಬಾಗಿಲು ಅದು. ಅದಕ್ಕೆ ಪಕ್ಕೆಲುಬಿನಂಥ ಬಾಗಿದ ಮರ ಬೇಕು. ನೇರವಾಗಿ ಬೆಳೆದ ಮರದಿಂದ ಬಾಗಿದ ಪಟ್ಟಿ ತೆಗೆಯುವುದು ಹೇಗೆ? ಅಗಲವಾದ ಹಲಗೆಯಿಂದ ಕಮಾನಿನಾಕಾರ ಕತ್ತರಿಸಿದರೆ ತುದಿಗಳಲ್ಲಿ ಮರದ ಎಳೆ ಅಡ್ಡಕ್ಕೆ ಬಂದು, ಅಲ್ಲಿಯೇ ಪಟ್ಟೆಂದು ಮುರಿಯುತ್ತದೆ.

ಹಳೆಯ ಕಾಲದ ಉತ್ತರ ಹಸಿ ಮರವನ್ನು ಬಗ್ಗಿಸುವುದು. ನಮ್ಮ ಕಮಾನು ಗಾಡಿಗಳಲ್ಲಿ ಬಿದಿರಿನ ದಬ್ಬೆಯನ್ನು ಬಗ್ಗಿಸಿ ಚಾಪೆ ಹೊದಿಸುತ್ತಿದ್ದರು. ಹದಿನೆಂಟನೆಯ ಶತಮಾನದ ಪೆನ್ಸಿಲ್ವೇನಿಯಾದ ಕಾನೆಸ್ಟೋಗ ಬಂಡಿಗಳಲ್ಲಿ ಮರದ ಪಟ್ಟಿಗಳನ್ನು ಬಗ್ಗಿಸಿ ಮೇಲೆ ಬಟ್ಟೆ ಕಟ್ಟುತ್ತಿದ್ದರು. ಆ ಬಂಡಿಯ ನೆನಪು ಅಮೆರಿಕನ್ನರಲ್ಲಿ ಎಷ್ಟು ಗಾಢವಾಗಿತ್ತೆಂದರೆ, 1930ರ ದಶಕದಲ್ಲಿ ಡೆಟ್ರಾಯಿಟ್ ಬಳಿ ಹೆಸರು ಮಾಡಿದ ಟ್ರೇಲರ್ ಕಂಪನಿ ತನ್ನನ್ನು ‘ಕವರ್ಡ್ ವ್ಯಾಗನ್’ ಎಂದೇ ಕರೆದುಕೊಂಡಿತು.

ಇನ್ನೊಂದು ಉತ್ತರ ಫ್ರಾನ್ಸಿನಿಂದ ಬಂತು. ಹದಿನಾರನೆಯ ಶತಮಾನದ ವಾಸ್ತುಶಿಲ್ಪಿ ಫಿಲಿಬೆರ್ ದಲೋರ್ಮ್‌ನ ಕಾಲಕ್ಕೆ ಅಲ್ಲಿ ಉದ್ದನೆಯ ದೊಡ್ಡ ತೊಲೆಗಳು ಸಿಗುವುದು ಕಷ್ಟವಾಗಿತ್ತು, ಸಿಕ್ಕರೂ ಬೆಲೆ ವಿಪರೀತ. ಆತ 1561ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ಕಡಿಮೆ ಖರ್ಚಿನಲ್ಲಿ ಚೆನ್ನಾಗಿ ಕಟ್ಟುವ ಹೊಸ ಉಪಾಯಗಳು ಎಂಬುದು ಅದರ ಹೆಸರಿನ ಸಾರ. ಗಿಡ್ಡ ಹಲಗೆಯ ತುಂಡುಗಳನ್ನು ಬಾಗಿದ ಅಂಚಿಗೆ ಕತ್ತರಿಸಿ, ಎರಡು ಮೂರು ಪದರಗಳಲ್ಲಿ ಜೋಡಿಸಬೇಕು. ಒಂದು ಪದರದ ಸಂದು ಬಂದಲ್ಲಿ ಪಕ್ಕದ ಪದರದ ಇಡೀ ಹಲಗೆ ಬರುವಂತೆ ನೋಡಿಕೊಂಡು ಗೂಟ ಬಡಿಯಬೇಕು. ಇಟ್ಟಿಗೆ ಗೋಡೆಯಲ್ಲಿ ಸಂದು ತಪ್ಪಿಸುವುದೂ ಹೀಗೆಯೇ. ಒಂದರ ದೌರ್ಬಲ್ಯವನ್ನು ಇನ್ನೊಂದು ಮುಚ್ಚುತ್ತದೆ, ಸಣ್ಣ ತುಂಡುಗಳಿಂದ ದೊಡ್ಡ ಕಮಾನು ಏಳುತ್ತದೆ.

ಇನ್ನೂರಕ್ಕೂ ಹೆಚ್ಚು ವರ್ಷಗಳ ನಂತರ, 1783ರಲ್ಲಿ, ಪ್ಯಾರಿಸ್ಸಿನ ಧಾನ್ಯದ ಮಾರುಕಟ್ಟೆಯ ಮೇಲೆ ಇದೇ ವಿಧಾನದ ಗುಮ್ಮಟ ಎದ್ದಿತು. ಅದರ ಅಗಲ ಸುಮಾರು 39 ಮೀಟರ್, ಪಕ್ಕೆಲುಬುಗಳ ನಡುವೆ ಬೆಳಕಿಗಾಗಿ ಗಾಜು. 1786ರಲ್ಲಿ ಅದನ್ನು ಕಂಡು ಬೆರಗಾದವರಲ್ಲಿ ಥಾಮಸ್ ಜೆಫರ್ಸನ್ ಒಬ್ಬ. ತಿರುಗಿ ಬಂದು ವರ್ಜೀನಿಯಾದ ತನ್ನ ಮಾಂಟಿಸೆಲ್ಲೋ ಮನೆಗೂ ದಲೋರ್ಮ್‌ನ ವಿಧಾನದಲ್ಲೇ ಗುಮ್ಮಟ ಹಾಕಿಸಿದ. ಮನುಷ್ಯರೆಲ್ಲ ಸಮಾನರು ಎಂದು ಬರೆದವನ ಆ ಮನೆಯನ್ನು ಕಟ್ಟಿದವರಲ್ಲಿ ಅವನು ಗುಲಾಮರನ್ನಾಗಿ ಇಟ್ಟುಕೊಂಡಿದ್ದವರೂ ಇದ್ದರು. ಪ್ಯಾರಿಸ್ಸಿನ ಮರದ ಗುಮ್ಮಟ 1802ರಲ್ಲಿ ಬೆಂಕಿಗೆ ಆಹುತಿಯಾಯಿತು. ಅದರ ಜಾಗಕ್ಕೆ ಕಬ್ಬಿಣದ ಗುಮ್ಮಟ ಬಂತು. ಇನ್ನು ಮರದ ಕಾಲ ಮುಗಿಯಿತು ಎಂದು ಯಾರಾದರೂ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ಮರವನ್ನು ಉಳಿಸಿದ್ದು ಅಂಟು. 1906ರಲ್ಲಿ ಜರ್ಮನಿಯ ಓಟೋ ಹೆಟ್ಜರ್, ತೆಳು ಹಲಗೆಗಳನ್ನು ಒಂದರ ಮೇಲೊಂದಿಟ್ಟು, ಬೇಕಾದ ಬಾಗಿಗೆ ಬಗ್ಗಿಸಿ, ಅಂಟಿಸಿ ಒಂದೇ ತೊಲೆಯಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ದಲೋರ್ಮ್ ಹಲಗೆಯನ್ನು ಕತ್ತರಿಸಿ ಬಾಗು ತಂದಿದ್ದ. ಹೆಟ್ಜರ್ ಬಗ್ಗಿಸಿ ತಂದ. ಇಲ್ಲಿ ಮರದ ಎಳೆ ಎಲ್ಲೂ ಕಡಿಯುವುದಿಲ್ಲ, ಕಮಾನಿನ ಗುಂಟ ಹರಿಯುತ್ತದೆ. ಅವನ ಕಡೆ ಕೆಲಸ ಕಲಿತು ಅಮೆರಿಕಕ್ಕೆ ವಲಸೆ ಹೋದ ಮ್ಯಾಕ್ಸ್ ಹ್ಯಾನಿಶ್, 1934ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಪೆಶ್ಟಿಗೊ ಎಂಬ ಊರಿನ ಶಾಲೆಯ ವ್ಯಾಯಾಮ ಶಾಲೆಗೆ ಇಂಥ ಕಮಾನುಗಳನ್ನು ನಿಲ್ಲಿಸಿದರು. 1871ರ ಕಾಡುಬೆಂಕಿಯಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತ ಪ್ರದೇಶ ಅದು. ಬರೀ ಅಂಟನ್ನು ನಂಬಲು ರಾಜ್ಯದ ಅಧಿಕಾರಿಗಳು ಒಪ್ಪಲಿಲ್ಲ. ಕಮಾನುಗಳಿಗೆ ಬೋಲ್ಟು, ಲೋಹದ ಪಟ್ಟಿ ಹಾಕಿಸಿದ ಮೇಲೆಯೇ ಅನುಮತಿ ಸಿಕ್ಕಿತು. ಹೊಸ ತಂತ್ರ ಎಷ್ಟೇ ಒಳ್ಳೆಯದಿರಲಿ, ಕಣ್ಣಿಗೆ ಕಾಣುವ ಮೊಳೆಯ ಮೇಲೆ ನಮಗಿರುವ ನಂಬಿಕೆ ಕಾಣದ ಅಂಟಿನ ಮೇಲೆ ಬರಲು ಕಾಲ ಹಿಡಿಯುತ್ತದೆ.

ಅದೇ 1934ರಲ್ಲಿ ವಾಷಿಂಗ್ಟನ್ ರಾಜ್ಯದ ಹಾರ್ಬರ್ ಪ್ಲೈವುಡ್ ಕಂಪನಿಯ ಜೇಮ್ಸ್ ನೆವಿನ್ ನೀರಿಗೆ ಬಿಡದ ಅಂಟೊಂದನ್ನು ಸಿದ್ಧಪಡಿಸಿದ. ಅಲ್ಲಿಯವರೆಗೆ ಪ್ಲೈವುಡ್ ಎಂದರೆ ಮನೆಯೊಳಗಿನ ವಸ್ತು. ಮಳೆಗೆ ಸಿಕ್ಕರೆ ಪದರ ಪದರವಾಗಿ ಬಿಟ್ಟುಕೊಳ್ಳುತ್ತಿತ್ತು. ಈಗ ಅದು ಹೊರಗೆ ಬಂತು. ಅದರ ಹಾಳೆಗೆ ನಾಲ್ಕಡಿ ಅಗಲ, ಎಂಟಡಿ ಉದ್ದ ಎಂಬ ಅಳತೆ ರೂಢಿಯಾಯಿತು. ಕಣ್ಣೀರ ಹನಿ ಗಾಡಿಗೂ ಬಹಳ ಕಡೆ ಅದೇ ಅಳತೆ ಬಂದದ್ದು ಆಕಸ್ಮಿಕವಲ್ಲ: ಒಂದು ಹಾಳೆ ಒಂದು ಗೋಡೆ, ಒಂದು ಹಾಳೆ ನೆಲ. ಇಬ್ಬರು ಮಲಗುವ ಜಾಗವನ್ನು ನಿರ್ಧರಿಸಿದ್ದು ಅರ್ಧ ಮನುಷ್ಯನ ದೇಹ, ಅರ್ಧ ಕಾರ್ಖಾನೆಯ ಯಂತ್ರ.

ಯುದ್ಧ ಇನ್ನೊಂದು ಪಾಠ ಸೇರಿಸಿತು. 1940ರಲ್ಲಿ ಮೊದಲು ಹಾರಿದ ಬ್ರಿಟನ್ನಿನ ಮಸ್ಕಿಟೊ ವಿಮಾನದ ಮೈ ಮರದ್ದು. ಎರಡು ತೆಳು ಹಾಳೆಗಳ ನಡುವೆ ಹಗುರವಾದ ಬಾಲ್ಸಾ ಮರ ಇಟ್ಟು ಅಂಟಿಸಿದ್ದು. ಭಾರ ಹೊರುವುದು ಹೊರಗಿನ ಎರಡು ಹಾಳೆಗಳು, ನಡುವಿನದು ಅವುಗಳನ್ನು ದೂರ ಹಿಡಿದಿಟ್ಟರೆ ಸಾಕು. ಇಂದು ಮನೆಯಲ್ಲೇ ಗಾಡಿ ಕಟ್ಟುವವರು ಬಾಲ್ಸಾ ಬದಲು ಫೋಮ್ ಹಾಳೆ ಇಡುತ್ತಾರೆ, ತತ್ತ್ವ ಅದೇ. ಅಡ್ಡಪಟ್ಟಿಗಳ ಸಂಖ್ಯೆ ಇದರಿಂದ ಕಡಿಮೆಯಾಗುತ್ತದೆ. ಎರಡು ಕಡೆ ಮಾತ್ರ ಜಿಪುಣತನ ನಡೆಯುವುದಿಲ್ಲ. ಗಾಳಿಕಿಂಡಿಗಾಗಿ ಮಾಡನ್ನು ಕೊರೆದಲ್ಲಿ ಸುತ್ತ ಚೌಕಟ್ಟು ಬೇಕು. ಹಿಂಬಾಗಿಲಿನ ತಿರುಗಣಿ ಕೂರುವ ಅಡ್ಡಪಟ್ಟಿ ಎಲ್ಲಕ್ಕಿಂತ ದಪ್ಪವಿರಬೇಕು, ಏಕೆಂದರೆ ಬಾಗಿಲು ತೆರೆದಾಗಲೆಲ್ಲ ಅದರ ಭಾರ ಅಲ್ಲಿ ಜಗ್ಗುತ್ತದೆ. ಮಲಗುವ ಜಾಗವನ್ನೂ ಅಡುಗೆ ಕಟ್ಟೆಯನ್ನೂ ಬೇರ್ಪಡಿಸುವ ಒಳಗೋಡೆಯನ್ನು ಜಾಣರು ಆ ಪಟ್ಟಿಯ ಕೆಳಗೇ ತಂದು ನಿಲ್ಲಿಸುತ್ತಾರೆ.

ಬಾಗಿಲಿನ ಪಕ್ಕೆಲುಬು ಮಾಡುವವರು ಇಂದಿಗೂ ಎರಡು ದಾರಿಗಳಲ್ಲಿ ಒಂದನ್ನು ಆರಿಸಬೇಕು. ಪ್ಲೈವುಡ್ಡಿನ ತುಂಡುಗಳನ್ನು ಕತ್ತರಿಸಿ ಸಂದು ತಪ್ಪಿಸಿ ಜೋಡಿಸಿದರೆ ದಲೋರ್ಮ್‌ನ ದಾರಿ. ತೆಳು ಪಟ್ಟಿಗಳನ್ನು ಅಚ್ಚಿನ ಮೇಲೆ ಬಗ್ಗಿಸಿ ಅಂಟಿಸಿದರೆ ಹೆಟ್ಜರ್‌ನ ದಾರಿ. ಎರಡನೆಯದರಲ್ಲಿ, ಅಚ್ಚಿನಿಂದ ತೆಗೆದೊಡನೆ ಮರ ತುಸು ನೆಟ್ಟಗಾಗಲು ನೋಡುತ್ತದೆ. ಅನುಭವಿಗಳು ಅದಕ್ಕಾಗಿಯೇ ಅಚ್ಚನ್ನು ಬೇಕಾದದ್ದಕ್ಕಿಂತ ಸ್ವಲ್ಪ ಹೆಚ್ಚು ಬಾಗಿಸಿಟ್ಟಿರುತ್ತಾರೆ. ಹೀಗೆ ಮಾಡುವ ಎಷ್ಟೋ ಜನಕ್ಕೆ ಈ ಎರಡು ಹೆಸರುಗಳು ಗೊತ್ತಿರಲಿಕ್ಕಿಲ್ಲ. ಗೊತ್ತಿರಬೇಕೆಂದೂ ಇಲ್ಲ.

ಚರಿತ್ರೆಯ ವಿದ್ಯಾರ್ಥಿಯಾಗಿ ನನ್ನನ್ನು ಕಾಡುವುದು ಇದೇ. ನಾವು ತಂತ್ರಜ್ಞಾನದ ಚರಿತ್ರೆ ಬರೆಯುವಾಗ ಪೇಟೆಂಟ್ ಪಡೆದವರ, ಪುಸ್ತಕ ಬರೆದವರ, ಗುಮ್ಮಟ ಕಟ್ಟಿಸಿದವರ ಸಾಲು ಹಿಡಿಯುತ್ತೇವೆ. ಈ ಲೇಖನವೂ ಬಹುಪಾಲು ಹಾಗೆಯೇ ಸಾಗಿದೆ, ಏಕೆಂದರೆ ದಾಖಲೆ ಉಳಿದಿರುವುದು ಅವರದ್ದೇ. ಆದರೆ ತಿಳಿವಳಿಕೆ ಶತಮಾನಗಳನ್ನು ದಾಟಿ ಬಂದದ್ದು ಅವರಿಂದ ಮಾತ್ರವಲ್ಲ. ಹಿತ್ತಿಲಲ್ಲಿ ಹಲಗೆ ಮುರಿದುಕೊಂಡು, ಮತ್ತೆ ಕತ್ತರಿಸಿ, ಸಂದು ತಪ್ಪಿಸಿ ಗೂಟ ಬಡಿದ ಕೈಗಳಿಂದ ಕೂಡ. ದೊಡ್ಡ ಮರ ಸಿಗದ ಕಾಲದಲ್ಲಿ ದಲೋರ್ಮ್‌ನ ಕಮಾನು ಹುಟ್ಟಿತು, ದುಡ್ಡಿಲ್ಲದ ಕಾಲದಲ್ಲಿ ಈ ಗಾಡಿ ಹುಟ್ಟಿತು. ದೊಡ್ಡ ಗುಮ್ಮಟಗಳು ಯಾರಲ್ಲಿ ಎಷ್ಟಿತ್ತು ಎಂಬುದನ್ನು ಹೇಳುತ್ತವೆ. ಇಲ್ಲದವರು ಇದ್ದುದರಲ್ಲಿ ಏನು ಮಾಡಿಕೊಂಡರು ಎಂದು ತಿಳಿಯಬೇಕಾದರೆ ನಾಲ್ಕಡಿಯ ಮಾಡಿನ ಕೆಳಗೆ ತಲೆ ತಗ್ಗಿಸಿ ಹೋಗಿ, ಅದರ ಅಡ್ಡಪಟ್ಟಿಗಳನ್ನು ಎಣಿಸಬೇಕಾಗುತ್ತದೆ.